ಎರಡು ಚಿತ್ರ, ಒಂದೇ ಇಕ್ಕಟ್ಟು: ಯಾವುದನ್ನು ಮೊದಲು ನೋಡಬೇಕು?

ಪ್ರೀತಿ, ಕರ್ತವ್ಯಗಳ ನಡುವೆ ಸಿಕ್ಕಿಬಿದ್ದ ಭೂಗತ ಹೋರಾಟಗಾರರ ಸಿನಿಮಾ ಬೇಕೆಂದರೆ ಪೋಲಿಷ್ ನಿರ್ದೇಶಕ ಆಂಜೇ ವಾಯ್ದಾರ ‘ಆ್ಯಶಸ್ ಆ್ಯಂಡ್ ಡೈಮಂಡ್ಸ್’ (1958) ಮೊದಲು ನೋಡಿ. ಪೋಲೆಂಡ್, ಮೇ 1945. ಜರ್ಮನಿ ಶರಣಾದ ಹೊತ್ತು. ಕಮ್ಯುನಿಸ್ಟ್ ಮುಖಂಡನೊಬ್ಬನನ್ನು ಕೊಲ್ಲಲು ಬಂದ ಭೂಗತ ಹೋರಾಟಗಾರ ಮಾಚೆಕ್, ಹೋಟೆಲಿನ ಬಾರ್‌ನಲ್ಲಿ ಕೆಲಸ ಮಾಡುವ ಕ್ರಿಸ್ಟಿನಾಗೆ ಮನಸೋಲುತ್ತಾನೆ. ಸತ್ತ ಒಡನಾಡಿಗಳ ನೆನಪಿನಲ್ಲಿ ಒಂದೊಂದೇ ಮದ್ಯದ ಲೋಟಕ್ಕೆ ಅವನು ಬೆಂಕಿ ಹಚ್ಚುವ ದೃಶ್ಯವಿದೆಯಲ್ಲ, ಅದೊಂದಕ್ಕಾಗಿಯೇ ಈ ಕಪ್ಪುಬಿಳುಪು ಚಿತ್ರ ನೋಡಬೇಕು. ಬದುಕುವ ಆಸೆ ಚಿಗುರಿದ ಜಾಗದಲ್ಲೇ ಸತ್ತವರ ಋಣ ಎದುರು ನಿಲ್ಲುತ್ತದೆ.

ನಾಜಿಗಳ ವಿರುದ್ಧ ಫ್ರಾನ್ಸಿನಲ್ಲಿ ನಡೆದ ಪ್ರತಿರೋಧ ಚಳವಳಿಯ ಕುರಿತ, ಫ್ರೆಂಚ್ ನಿರ್ದೇಶಕ ಮೆಲ್ವಿಲ್ ಅವರ ‘ಆರ್ಮಿ ಆಫ್ ಶ್ಯಾಡೋಸ್’ (1969) ಬಣ್ಣದ್ದು, ಇನ್ನೂ ಉದ್ದ. ಇಲ್ಲಿ ಪ್ರೇಮಕಥೆಯಿಲ್ಲ. ಹೋರಾಟಗಾರರ ತಂಡದ ಮತಿಲ್ಡ್ ತನ್ನ ಜೊತೆಗಿಟ್ಟುಕೊಂಡ ಮಗಳ ಫೋಟೊ ತಂಡಕ್ಕೇ ಕುತ್ತಾಗುತ್ತದೆ. ನನಗೆ ಹೆಚ್ಚು ಕಾಡಿದ್ದು ಇದೇ. ನಿಧಾನಗತಿಯ ಚಿತ್ರ, ದಣಿದ ರಾತ್ರಿ ಹಾಕಿಕೊಳ್ಳಬೇಡಿ.