ಹಸಿರುಮನೆಗೆ ಯಾವ ಹನಿ ವ್ಯವಸ್ಥೆ: ಟೇಪ್, ಇನ್‌ಲೈನ್ ಕೊಳವೆ, ಕಡ್ಡಿ ಡ್ರಿಪ್ಪರ್

ಟೇಪ್ ಎಂದರೆ ತೆಳು ಗೋಡೆಯ ಹನಿ ಕೊಳವೆ; ಇನ್‌ಲೈನ್ ಎಂದರೆ ಒಳಗೇ ಡ್ರಿಪ್ಪರ್ (ಹನಿ ಬಿಡುವ ಭಾಗ) ಕೂಡಿಸಿದ ದಪ್ಪ ಗೋಡೆಯ ಕೊಳವೆ; ಕಡ್ಡಿ ಡ್ರಿಪ್ಪರ್ ಎಂದರೆ ಡ್ರಿಪ್ಪರಿನಿಂದ ಹೊರಟ ಸಣ್ಣ ಕೊಳವೆಯ ತುದಿಯ ಕಡ್ಡಿಯನ್ನು ಗಿಡದ ಬುಡಕ್ಕೆ ಚುಚ್ಚುವ ಬಗೆ. ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳುವವರು ಮೊದಲು ತಿಳಿಸಬೇಕಾದದ್ದು, ಬೆಳೆ ನೆಲದ ಮಡಿಯಲ್ಲಿದೆಯೋ ಕುಂಡದಲ್ಲಿದೆಯೋ ಎಂಬುದನ್ನು.

ಆರಂಭದ ವೆಚ್ಚ ಟೇಪಿಗೆ ಕಡಿಮೆ, ಕಡ್ಡಿ ಡ್ರಿಪ್ಪರಿಗೆ ಸಾಮಾನ್ಯವಾಗಿ ಹೆಚ್ಚು. ಆದರೆ ಸುಮಾರು 0.2 ಮಿಲಿಮೀಟರ್ ದಪ್ಪದ ಗೋಡೆಯ ಟೇಪ್ ಒಂದೆರಡು ಬೆಳೆಗಷ್ಟೇ ಬಾಳುತ್ತದೆ. ಕಳೆ ತೆಗೆಯುವ ಕುರ್ಪಿಯ ತುದಿ ತಗುಲಿದರೂ ಸಾಲಿನ ನಡುವೆ ಕಾರಂಜಿ ಏಳುತ್ತದೆ. ಸುಮಾರು 1 ಮಿಲಿಮೀಟರ್ ದಪ್ಪದ ಗೋಡೆಯ ಇನ್‌ಲೈನ್ ಕೊಳವೆಯನ್ನು ಸುತ್ತಿಟ್ಟು ಹಲವು ವರ್ಷ ಬಳಸಬಹುದು.

ನನ್ನ ಮಟ್ಟಿಗೆ ವೆಚ್ಚಕ್ಕಿಂತ ಮುಖ್ಯವಾದದ್ದು ಸಮಾನ ಹಂಚಿಕೆ. ಏಕೆಂದರೆ ಗೊಬ್ಬರವೂ ಅದೇ ನೀರಿನಲ್ಲಿ ಹೋಗುತ್ತದೆ. ಸಾಲು ಉದ್ದವಾದಂತೆ ಟೇಪಿನ ತುದಿಯಲ್ಲಿ ಒತ್ತಡ ಕುಸಿದು ಹನಿ ಕುಗ್ಗುತ್ತದೆ. ಒಳಗೆ ಸಿಲಿಕೋನ್ ಪೊರೆಯಿರುವ, ಒತ್ತಡ ಸರಿದೂಗಿಸುವ ಡ್ರಿಪ್ಪರಾದರೆ ನಿಗದಿತ ಒತ್ತಡದ ಮಿತಿಯೊಳಗೆ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಸಿಗುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಿಗೆ ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವೇ ನೀರು ಕೊಡುವಾಗ, ಕವಾಟ ಮುಚ್ಚಿದ ಮೇಲೂ ಕೊಳವೆಯಲ್ಲಿ ನೀರು ಹಿಡಿದಿಡುವ ಬಗೆಯ ಡ್ರಿಪ್ಪರೇ ಬೇಕು; ಇಲ್ಲವಾದರೆ ಪ್ರತಿ ಬಾರಿಯೂ ತಗ್ಗಿನ ಕುಂಡಗಳು ಹೆಚ್ಚುವರಿ ನೀರು ಕುಡಿಯುತ್ತವೆ. ಅಂಥಲ್ಲಿ ಗಂಟೆಗೆ 8 ಲೀಟರ್ ಬಿಡುವ ಒಂದು ಡ್ರಿಪ್ಪರಿನಿಂದ ನಾಲ್ಕು ಕಡ್ಡಿ ಕವಲೊಡೆಸಿ ಕುಂಡಕ್ಕೊಂದು ಚುಚ್ಚಿದರೆ ಪ್ರತಿ ಕುಂಡಕ್ಕೆ ಗಂಟೆಗೆ 2 ಲೀಟರ್ ಸಿಗುತ್ತದೆ.

ಶೋಧಕ ಮೂರಕ್ಕೂ ಬೇಕು, 120 ಮೆಶ್ (ಜಾಲರಿಯಲ್ಲಿ ಇಂಚಿಗೆ 120 ರಂಧ್ರ) ಸಾಮಾನ್ಯ ಆಯ್ಕೆ. ಕಟ್ಟಿಕೊಂಡ ಕಡ್ಡಿಯನ್ನು ಕಿತ್ತು ಬದಲಿಸಬಹುದು. ಇನ್‌ಲೈನ್ ಕೊಳವೆಗೆ ಆಮ್ಲ ಹಾಯಿಸಬೇಕು ಅಥವಾ ಆ ತುಂಡನ್ನೇ ಕತ್ತರಿಸಬೇಕು.

ಚಿಕ್ಕ ಸಾಲಿನ ಅಲ್ಪಾವಧಿ ಸೊಪ್ಪಿಗೆ ಟೇಪ್, ಮಡಿಯಲ್ಲಿ ವರ್ಷಗಟ್ಟಲೆ ನಿಲ್ಲುವ ಗುಲಾಬಿಗೆ ಇನ್‌ಲೈನ್, ಕುಂಡದ ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಕಡ್ಡಿ ಹೊಂದುತ್ತದೆ.