ಟ್ರೇಲರ್ ಎತ್ತೋಕೆ ಬಾಟಲ್ ಜಾಕಾ, ಸ್ಕ್ರೂ ಜಾಕಾ, ಗಾಳಿ ಜಾಕಾ? ನಾನು ಹಾಕಿ ನೋಡಿದ್ದು

ಎಲ್ಲರೂ ಮೊದಲು ಕೇಳೋದು ಒಂದೇ. "ಎಷ್ಟು ಟನ್ನಿನ ಜಾಕ್ ತಗೊಳ್ಳಲಿ?" ನಾನೂ ಹಾಗೇ ಕೇಳಿದ್ದೆ. ಅಂಗಡಿಯವನು 50 ಟನ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಬಾಟಲ್ ಜಾಕ್ ಕೊಟ್ಟ. ಎತ್ತಿದರೆ ಸೊಂಟ ಹಿಡಿದುಕೊಳ್ಳಬೇಕು, ಅಷ್ಟು ಭಾರ. ಖುಷಿಯಿಂದ ತಂದು ಕ್ಯಾಬಿನ್ ಹಿಂದಿನ ಪೆಟ್ಟಿಗೆಯಲ್ಲಿ ಇಟ್ಟೆ. ಮೊದಲ ಸಲ ಒಂದೇ ಕಡೆಯ ಜೋಡಿ ಟಯರ್ ಎರಡೂ ಗಾಳಿ ಹೋಗಿ ಕೂತಾಗ ಅದು ಆಕ್ಸಲ್ ಕೆಳಗೆ ಹೋಗಲೇ ಇಲ್ಲ.

ಅವತ್ತು ಟೇಪ್ ಹಿಡಿದು ಅಳೆದೆ. ನನ್ನ ಟ್ರೇಲರಿಗೆ 10.00-20 ಟಯರ್. ಗಾಳಿ ಸರಿ ಇದ್ದಾಗ ನೆಲದಿಂದ ಆಕ್ಸಲ್ ಕೆಳಗಿನ ಅಂಚಿಗೆ ಹತ್ತತ್ತಿರ 42 ಸೆಂ.ಮೀ. ಎರಡೂ ಟಯರ್ ಕೂತರೆ ಅದೇ ಜಾಗ 26 ಸೆಂ.ಮೀ.ಗೆ ಇಳಿಯುತ್ತದೆ. ಮಾಮೂಲಿ 20 ಟನ್ ಬಾಟಲ್ ಜಾಕ್ ಪೂರ್ತಿ ಇಳಿಸಿದಾಗಲೇ ಸುಮಾರು 24 ಸೆಂ.ಮೀ. ಇರುತ್ತದೆ. ಅಂದರೆ ತುರುಕಬಹುದು, ಆದರೆ ಅದರ ಕೆಳಗೆ ಹಲಗೆ ಇಡೋಕೆ ಜಾಗ ಇಲ್ಲ. ನಮ್ಮ ಕಡೆ ಎರೆಮಣ್ಣಿನಲ್ಲಿ ಹಲಗೆ ಇಲ್ಲದೆ ಜಾಕ್ ಇಡೋದು ಅಂದರೆ ಸುಮ್ನೆ ಜೀವದ ಜೊತೆ ಆಟ. ಹಾಗಾಗಿ ಟನ್ ಕೇಳೋ ಮೊದಲು ಎರಡು ಪ್ರಶ್ನೆ ಕೇಳಿ. ಇಳಿಸಿದಾಗ ಎಷ್ಟು ಎತ್ತರ? ನಿಲ್ಲೋದು ಯಾವ ನೆಲದ ಮೇಲೆ?

ಟನ್ ಲೆಕ್ಕ ನಿಜಕ್ಕೂ ಸುಲಭ. 2018ರ ನಂತರದ ನಿಯಮದಲ್ಲಿ ಟ್ರೇಲರಿನ ಮೂರು ಆಕ್ಸಲ್ ಸೇರಿ 27 ಟನ್, ಅಂದರೆ ಒಂದಕ್ಕೆ 9 ಟನ್. ಒಂದು ಬದಿ ಎತ್ತಿದರೆ ನಾಲ್ಕೂವರೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಪಾಟಾ (ಪಟ್ಟಿ ಸ್ಪ್ರಿಂಗ್) ಇರುವ ಟ್ರೇಲರಿನಲ್ಲಿ ಮೂರೂ ಆಕ್ಸಲ್ ನಡುವೆ ತೂಗುವ ಬ್ರಾಕೆಟ್ ಇರುತ್ತದೆ, ಒಂದನ್ನು ಎತ್ತುತ್ತಾ ಹೋದಂತೆ ಪಕ್ಕದ್ದರ ಭಾರವೂ ನಿಮ್ಮ ಜಾಕಿಗೇ ಬರುತ್ತದೆ. ಜೊತೆಗೆ ನಮ್ಮ ಕಡೆ ಎಲ್ಲರೂ 27ಕ್ಕೇ ನಿಲ್ಲಿಸುತ್ತಾರಾ? ನೀವೇ ಹೇಳಿ. ಅದಕ್ಕೇ 20 ಟನ್ನಿಗಿಂತ ಕಡಿಮೆ ಬೇಡ, 50 ಬೇಕಾಗಿಯೂ ಇಲ್ಲ. ಆ 50 ಟನ್ನಿನದು ಈಗ ಶೆಡ್ಡಿನಲ್ಲಿ ಬಾಗಿಲಿಗೆ ಒತ್ತಾಗಿ ಕೂತಿದೆ, ಎಣ್ಣೆಯೂ ಸೋರುತ್ತದೆ.

ಬಾಟಲ್ ಜಾಕ್ ಬಗ್ಗೆ ಮೊದಲು. ಎಲ್ಲ ಗಾಡಿಯಲ್ಲೂ ಇರುತ್ತದೆ, ಅಗ್ಗ, ಕ್ಲೀನರ್ ಹುಡುಗನಿಗೂ ಬರುತ್ತದೆ. ಟಾಮಿ, ಅಂದರೆ ಕಬ್ಬಿಣದ ಸಲಾಕೆ, ಹಾಕಿ ಒತ್ತಿದರೆ ಆಯ್ತು. ದೋಷ ಎರಡು. ಒಂದು, ಪಾದ ಚಿಕ್ಕದು, ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. 15 ಸೆಂ.ಮೀ. ಚೌಕದ ಪಾದದ ಮೇಲೆ 10 ಟನ್ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 44 ಕೆ.ಜಿ. ಒತ್ತಡ. ಅದನ್ನೇ 45 ಸೆಂ.ಮೀ. ಚೌಕದ ಗಟ್ಟಿ ಹಲಗೆ ಮೇಲೆ ಇಟ್ಟರೆ 5 ಕೆ.ಜಿ.ಗೆ ಇಳಿಯುತ್ತದೆ. ಎರಡು, ಅದು ನಿಂತಿರೋದು ಎಣ್ಣೆಯ ಮೇಲೆ. ಒಳಗಿನ ಸೀಲ್ ಹೋದರೆ ಹೇಳಿ ಕೇಳಿ ಇಳಿಯುವುದಿಲ್ಲ.

ಮೊದಲ ದೋಷ ನಾನು ಕಣ್ಣಾರೆ ಕಂಡದ್ದು ಕೊಲ್ಹಾರದ ಹತ್ತಿರ. ಗೋವಿನಜೋಳ ತುಂಬಿದ ಗಾಡಿ, ಹಿಂದಿನ ರಾತ್ರಿ ಮಳೆ ಆಗಿತ್ತು. ಹಬ್ (ಚಕ್ರದ ನಡುಭಾಗ) ಬಿಸಿಯಾಗಿ ಗ್ರೀಸ್ ಸುಟ್ಟ ವಾಸನೆ ಬಂತು ಅಂತ ರಸ್ತೆ ಬಿಟ್ಟು ಕೆಳಗೆ ಇಳಿಸಿದ್ದೆವು, ಅದೇ ತಪ್ಪು. ಜಾಕಿನ ಕೆಳಗೆ ಹಾಕಿದ್ದು ಪೆಟ್ಟಿಗೆಯ ತೆಳು ಹಲಗೆ. ಚಕ್ರ ಬಿಚ್ಚಿ ಆಕ್ಸಲ್ ಕೆಳಗೆ ಅಡ್ಡ ಮಲಗಿಸಿದ್ದೆವು, ಅದೊಂದು ಮಾತ್ರ ಸರಿ ಮಾಡಿದ್ದು. ನಾನು ಬ್ರೇಕ್ ಡ್ರಮ್ ಮುಂದೆ ಕುಕ್ಕರುಗಾಲಲ್ಲಿ ಕೂತು ಬೇರಿಂಗ್ ನೋಡುತ್ತಿದ್ದೆ. ಹಲಗೆ 'ಟಕ್' ಅಂತು, ಅಷ್ಟೇ. ಜಾಕಿನ ಒಂದು ಅಂಚಿನ ಪಕ್ಕದಲ್ಲಿ ಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಮೇಲೆದ್ದು ಬರುತ್ತಿತ್ತು, ನಿಧಾನಕ್ಕೆ. ಡ್ರೈವರ್ ಕೂಗಿದ, "ಮಾಲಕರ, ಹಿಂದ ಸರೀರಿ, ಜಾಕ್ ವಾಲಾಕತ್ತೈತಿ!" ನಾನು ಹಿಂದಕ್ಕೆ ಬಿದ್ದೆ, ಜಾಕ್ ಮಗುಚಿತು, ಆಕ್ಸಲ್ ಬಂದು ಆ ಚಕ್ರದ ಮೇಲೆ ಕೂತಿತು. ಚಕ್ರ ಇಲ್ಲದಿದ್ದರೆ ಡ್ರಮ್ ನೇರ ನೆಲಕ್ಕೆ, ನನ್ನ ಕಾಲು ಅದರ ಕೆಳಗೆ.

ಅವತ್ತಿನಿಂದ ಹಳೆ ರೈಲ್ವೆ ಸ್ಲೀಪರ್ ಕಟ್ಟಿಗೆಯ ನಾಲ್ಕು ತುಂಡು ಗಾಡಿಯಲ್ಲೇ ಇರುತ್ತವೆ. ಎರಡನ್ನು ಜೋಡಿಸಿ ಕೆಳಗೆ ಹಾಕಿ, ಅದರ ಮೇಲೆ ಇನ್ನೆರಡನ್ನು ಅಡ್ಡಲಾಗಿ ಇಟ್ಟು ಜಾಕ್ ನಿಲ್ಲಿಸುತ್ತೇನೆ. ಇಡೀ ಅಟ್ಟಿಗೆ ಜಾಗ ಸಾಲದಿದ್ದರೆ ದಪ್ಪ ಕಬ್ಬಿಣದ ತಗಡು ಒಂದಿದೆ, ಅದು. ಡಾಂಬರು ರಸ್ತೆ ಗಟ್ಟಿ ಅಂತ ನಂಬಬೇಡಿ. ಏಪ್ರಿಲ್-ಮೇ ಬಿಸಿಲಿಗೆ ಮಧ್ಯಾಹ್ನದ ಡಾಂಬರಿನಲ್ಲೂ ಜಾಕಿನ ಪಾದ ಅಚ್ಚು ಒತ್ತುತ್ತದೆ, ನಾನು ನೋಡಿದ್ದೇನೆ.

ಎರಡನೇ ದೋಷಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಶೆಡ್ಡಿನ ಕಾಂಕ್ರೀಟ್ ಮೇಲೆ ಖಾಲಿ ಟ್ರೇಲರ್. ಆಕ್ಸಲ್ ಎತ್ತಿ, ಬೆರಳಿನಷ್ಟು ಕೆಳಗೆ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದು ತಾಸು ಬಿಟ್ಟೆ. ನಾಲ್ಕು ವರ್ಷದ ಹಳೆ ಬಾಟಲ್ ಜಾಕ್ 6 ಮಿ.ಮೀ. ಇಳಿದಿತ್ತು. ಹೊಸದು ಇಳಿದಿರಲಿಲ್ಲ. ಸ್ಕ್ರೂ ಜಾಕ್ ಅಂತೂ ಕೂದಲೆಳೆಯಷ್ಟೂ ಇಲ್ಲ. ಆರು ಮಿ.ಮೀ. ಏನು ಮಹಾ ಅನ್ನಬಹುದು, ಆದರೆ ಅದು ಖಾಲಿ ಗಾಡಿ. ಲೋಡ್ ಇದ್ದಾಗ, ಬಿಸಿಲಿಗೆ ಎಣ್ಣೆ ತೆಳುವಾದಾಗ ಎಷ್ಟು ಇಳಿಯುತ್ತೋ ನೋಡೋ ಧೈರ್ಯ ನನಗಿಲ್ಲ.

ಈಗ ಸ್ಕ್ರೂ ಜಾಕ್. ನಮ್ಮ ಕಾಕಾ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದಾಗ ತಂದಿಟ್ಟ ಎರಕದ ಜಾಕ್, 20 ಟನ್ನಿನದು. ನೋಡಿದರೆ ಗುಜರಿಗೆ ಹಾಕಬೇಕು ಅನ್ನಿಸುತ್ತದೆ. ಎಣ್ಣೆ ಇಲ್ಲ, ಸೀಲ್ ಇಲ್ಲ. ಮರೆಯ (ಸ್ಕ್ರೂ ಸುತ್ತುಗಳ) ಮೇಲೇ ಭಾರ ಕೂರುತ್ತದೆ, ನೀವು ತಿರುಗಿಸುವವರೆಗೂ ಇಳಿಯುವುದಿಲ್ಲ. ಮರೆಗೆ ಗ್ರೀಸ್ ಹಚ್ಚಿ, ಮಣ್ಣು ಸೇರದ ಹಾಗೆ ಗೋಣಿ ಸುತ್ತಿಟ್ಟರೆ ಸಾಕು. ಕಷ್ಟ ಏನಂದರೆ ರಟ್ಟೆ. ಲೋಡ್ ಗಾಡಿ ಎತ್ತೋಕೆ ನಮಗೆ ಕಾಲು ತಾಸು ಬೇಕಾಯಿತು, ಇಬ್ಬರು ಪಾಳಿ ಹಚ್ಚಿ ತಿರುಗಿಸಿದೆವು, ಬಾಟಲ್ ಜಾಕಿನಲ್ಲಿ ಅದೇ ಕೆಲಸ ನಾಲ್ಕೈದು ನಿಮಿಷ. ಮೇಲಾಗಿ ಇದು ಕುಳ್ಳಗಿಲ್ಲ, ಟಯರ್ ಕೂತ ಗಾಡಿಗೆ ಒಳಗೇ ಹೋಗುವುದಿಲ್ಲ. ಆದರೂ ನಾನು ಇದನ್ನು ಬಿಟ್ಟು ಹೊರಡುವುದಿಲ್ಲ. ಬಾಟಲ್ ಜಾಕಿನಲ್ಲಿ ಎತ್ತುತ್ತೇನೆ, ಪಕ್ಕದಲ್ಲೇ ಇದನ್ನು ಇಟ್ಟು ಎರಡು ಇಂಚು ಮೇಲೆ ಬಂದಂತೆ ಇದನ್ನೂ ತಿರುಗಿಸಿ ಹಿಂಬಾಲಿಸುತ್ತೇನೆ. ಅದು ಕೈಕೊಟ್ಟರೆ ಇದು ಹಿಡಿಯುತ್ತದೆ. ಆಮೇಲೆ ಸ್ಟ್ಯಾಂಡ್ ಇಡುವುದು ಬೇರೆ.

ಗಾಳಿ ಜಾಕ್ ತಂದದ್ದು ಎರಡು ವರ್ಷದ ಹಿಂದೆ. ಉದ್ದ ಹಿಡಿ, ಹಿಂದೆ ಎರಡು ಚಕ್ರ, ಕಂಪ್ರೆಸರ್ ಪೈಪ್ ಸಿಕ್ಕಿಸಿ ಹಿಡಿ ಒತ್ತಿದರೆ ತಾನೇ ಎತ್ತುತ್ತದೆ. ಇದು ಕುಳ್ಳಗಿದೆ, ಟಯರ್ ಕೂತ ಆಕ್ಸಲ್ ಕೆಳಗೂ ಸಲೀಸಾಗಿ ಹೋಗುತ್ತದೆ. ಹಿಡಿ ಉದ್ದ ಇರುವುದರಿಂದ ಎತ್ತುವಾಗ ನಾನು ಗಾಡಿಯ ಹೊರಗೇ ನಿಂತಿರುತ್ತೇನೆ, ನನ್ನ ಪ್ರಕಾರ ಇದರ ದೊಡ್ಡ ಲಾಭ ಅದೇ, ವೇಗ ಅಲ್ಲ. ಬಾಟಲ್ ಜಾಕಿಗೆ ತಲೆ ಒಳಗೆ ತೂರಿಸಿಯೇ ಟಾಮಿ ಒತ್ತಬೇಕು ಅಲ್ವಾ. ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಅನ್ನೋದೂ ನಿಜ.

ಬೆಲೆ ಕೇಳಿದರೆ ಮಾತ್ರ ಬೆವರು. ಇದರ ದುಡ್ಡಿನಲ್ಲಿ ಐದಾರು ಬಾಟಲ್ ಜಾಕ್ ಬರುತ್ತವೆ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನನ್ನದು ಎರಡು ಹಂತದ್ದು, 50/25 ಅಂತ ಬರೆದಿದೆ. ದಪ್ಪ ಕೊಳವೆ ಮೇಲೆ ಬರುವವರೆಗೆ 50 ಟನ್, ಒಳಗಿನ ಸಣ್ಣದು ಹೊರಗೆ ಬಂದ ಮೇಲೆ 25 ಮಾತ್ರ. ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ, ಚಿಕ್ಕದ್ದೇ ನಿಮ್ಮ ಲೆಕ್ಕ. ಎಂಟು ಬಾರ್ ಗಾಳಿ ಬೇಕು. ಗಾಡಿಯ ಸ್ವಂತ ಟ್ಯಾಂಕಿನಿಂದ ಪೈಪ್ ಎಳೆದು ನೋಡಿದೆ. ನಡೆಯುತ್ತದೆ, ಆದರೆ ಎಂಜಿನ್ ಓಡಿಸುತ್ತಲೇ ಇರಬೇಕು, ಅರ್ಧ ಎತ್ತುವಷ್ಟರಲ್ಲಿ ಗಾಳಿ ಇಳಿದು ಉಸಿರು ಕಟ್ಟಿದ ಹಾಗೆ ನಿಂತು ನಿಂತು ಹೋಗುತ್ತದೆ. ಚಕ್ರ ಚಿಕ್ಕವಾದ್ದರಿಂದ ಮಣ್ಣಿನಲ್ಲಿ ಉರುಳುವುದೂ ಇಲ್ಲ. ಹಾಗಾಗಿ ಇದು ಶೆಡ್ಡಿನ ಜಾಕ್. ಶೆಡ್ಡಿನಲ್ಲಿ ಇದಕ್ಕೆ ಸಾಟಿ ಇಲ್ಲ.

ಜಾಕೇ ಇಲ್ಲದೆ ಎತ್ತೋ ಉಪಾಯ ಒಂದಿದೆ, ಹಳೆ ಡ್ರೈವರುಗಳಿಗೆಲ್ಲ ಗೊತ್ತು. ಜೋಡಿ ಟಯರಿನಲ್ಲಿ ಹೊರಗಿನದು ಪಂಕ್ಚರ್ ಆದರೆ ಒಳಗಿನದನ್ನು ಮಾತ್ರ ದಿಮ್ಮಿ ಮೇಲೆ ಹತ್ತಿಸಿ, ಹೊರಗಿನದು ತೂಗಾಡುವಾಗ ಬಿಚ್ಚುವುದು. ನಾನೂ ಮಾಡಿದ್ದೆ, ಈಗ ಬಿಟ್ಟಿದ್ದೇನೆ. ಎರಡೂ ಚಕ್ರಕ್ಕೆ ಇರೋದು ಅದೇ ಹತ್ತು ನಟ್. ಅವನ್ನು ತೆಗೆದರೆ ಭಾರ ಹೊತ್ತ ಒಳಚಕ್ರಕ್ಕೂ ಬಿಗಿ ಇರುವುದಿಲ್ಲ. ಆದರೆ ಪಕ್ಕದ ಆಕ್ಸಲನ್ನು ದಿಮ್ಮಿ ಹತ್ತಿಸುವುದು ಬೇರೆ, ಅದನ್ನು ಈಗಲೂ ಮಾಡುತ್ತೇನೆ. ಹತ್ತು ಸೆಂ.ಮೀ. ಹತ್ತಿಸಿದರೆ ಕೂತ ಕಡೆಗೆ ಸಿಗೋದು ಮೂರ್ನಾಲ್ಕು ಸೆಂ.ಮೀ., ಉಳಿದದ್ದನ್ನು ಆ ತೂಗುವ ಬ್ರಾಕೆಟ್ ತಿಂದುಬಿಡುತ್ತದೆ. ಅಷ್ಟು ಸಾಕು, ಬಾಟಲ್ ಜಾಕಿನ ಕೆಳಗೆ ತಗಡು ಹಾಕೋಕೆ ಜಾಗ ಆಗುತ್ತದೆ. ಮೊದಲು ಹೇಳಿದ 26 ಸೆಂ.ಮೀ. ಸಮಸ್ಯೆಗೆ ನನಗೆ ಸಿಕ್ಕ ಪುಕ್ಕಟೆ ಪರಿಹಾರ ಇದು.

ಹೈಡ್ರಾ ಕ್ರೇನ್ ಕರೆಸಿದ್ದು ಒಂದೇ ಸಲ, ಗದ್ದನಕೇರಿ ಕ್ರಾಸ್ ಹತ್ತಿರ ಹಿಂದಿನ ಆಕ್ಸಲ್ಲನ್ನು ಪಾಟಾಕ್ಕೆ ಬಿಗಿಯುವ ಯು ಬೋಲ್ಟ್ ತುಂಡಾಗಿ ಆಕ್ಸಲ್ ಓರೆಯಾದಾಗ. ಜಾಕ್ ಇಡೋಕೆ ನೇರ ಜಾಗವೇ ಇರಲಿಲ್ಲ. ಅದು ಬಂದು ಬೆಲ್ಟ್ ಹಾಕಿ ಹಿಂಭಾಗ ಎತ್ತಿತು, ಚೆನ್ನಾಗೇ ಎತ್ತಿತು. ಎತ್ತಿದ ಮೇಲೆ ಆಪರೇಟರ್ ಮೊಬೈಲ್ ಹಿಡಿದು ಕೂತ, ನಮ್ಮ ಫಿಟ್ಟರ್ ತೂಗಾಡುತ್ತಿದ್ದ ಟ್ರೇಲರ್ ಕೆಳಗೆ ತೂರಲು ಹೊರಟ. ಅಲ್ಲೇ ತಡೆದೆ. ತೂಗುವ ಭಾರದ ಕೆಳಗೆ ಯಾರೂ ಹೋಗಬಾರದು, ಸ್ಟ್ಯಾಂಡ್ ಮೇಲೆ ಕೂರಿಸಿ ಬೆಲ್ಟ್ ಸಡಿಲ ಬಿಟ್ಟ ಮೇಲೇ ಕೆಲಸ. ಬೂಮ್ ಉದ್ದ ಮಾಡಿದಷ್ಟೂ ಹೈಡ್ರಾ ತಾಕತ್ತು ಇಳಿಯುತ್ತದೆ ಅನ್ನೋದನ್ನೂ ನೆನಪಿಡಿ, 14 ಟನ್ ಅಂತ ಬರೆದಿರೋದು ಹತ್ತಿರ ಹಿಡಿದಾಗ. ಚಕ್ರ, ಹಬ್, ಬೇರಿಂಗ್ ಕೆಲಸಕ್ಕೆ ಹೈಡ್ರಾ ಬೇಡವೇ ಬೇಡ.

ಯಾವ ಜಾಕ್ ಆದರೂ ನಾನು ಬಿಡದ ಕೆಲವು ಇವೆ. ಎಳೆಯುವ ಗಾಡಿಯನ್ನು ಬಿಚ್ಚುವುದಿಲ್ಲ, ಬರೀ ಮುಂದಿನ ಕಾಲುಗಳ ಮೇಲೆ ಟ್ರೇಲರ್ ನಿಲ್ಲಿಸಿ ಹಿಂದೆ ಎತ್ತಿದರೆ ಅದು ಮುಂದೆ ಜಾರಬಹುದು. ನೆಲದಲ್ಲೇ ಉಳಿದ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು. ಡ್ರಮ್ ತಿರುಗಿಸಬೇಕು ಅಂದರೆ ಗಾಳಿ ಇಲ್ಲದಾಗ ಬ್ರೇಕ್ ಹಿಡಿದಿಡುವ ಬೂಸ್ಟರ್ ಸ್ಪ್ರಿಂಗನ್ನು ಬೋಲ್ಟ್ ಹಾಕಿ ಹಿಂದಕ್ಕೆ ಎಳೆಯುತ್ತೇವಲ್ಲ, ಆ ಕ್ಷಣದಿಂದ ಆ ಚಕ್ರಕ್ಕೆ ಬ್ರೇಕ್ ಇಲ್ಲ ಅನ್ನೋದು ಬಹಳ ಜನರಿಗೆ ಹೊಳೆಯುವುದೇ ಇಲ್ಲ, ಅಡ್ಡಗಲ್ಲು ಅದಕ್ಕೂ ಮೊದಲೇ ಬಿದ್ದಿರಬೇಕು. ನಟ್ ಸಡಿಲ ಮಾಡುವುದು ಚಕ್ರ ನೆಲದ ಮೇಲಿರುವಾಗ, ಎತ್ತಿದ ಮೇಲೆ ಟಾಮಿಗೆ ಜೋತುಬಿದ್ದರೆ ಜಾಕೇ ಅಲುಗುತ್ತದೆ. ಟಯರನ್ನು ಹಿಡಿದಿಡುವ ಕಬ್ಬಿಣದ ರಿಂಗ್ ಇರುವ ಡಿಸ್ಕ್ (ಚಕ್ರ) ಆದರೆ ಎತ್ತಿದ ಮೇಲೆ, ನಟ್ ಪೂರ್ತಿ ಬಿಚ್ಚುವ ಮೊದಲು, ಎರಡೂ ಟಯರಿನ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಆ ರಿಂಗ್ ಹಾರಿದರೆ ಯಾವ ಜಾಕೂ ಕಾಯುವುದಿಲ್ಲ. ಜಾಕಿನ ತಲೆಗೆ, ಆಕ್ಸಲಿಗೆ ಗ್ರೀಸ್ ಅಂಟಿದ್ದರೆ ಒರೆಸಿ, ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಜಾಕ್ ಇಡುವುದು ಪಾಟಾ ಕೂರುವ ಜಾಗದ ಹತ್ತಿರ, ಆಕ್ಸಲ್ಲಿನ ನಟ್ಟನಡುವೆ ಅಲ್ಲ.

ಈಗ ನನ್ನ ಗಾಡಿಯ ಪೆಟ್ಟಿಗೆಯಲ್ಲಿ ಇರೋದು 20 ಟನ್ ಬಾಟಲ್ ಜಾಕ್, ಕಾಕಾನ ಸ್ಕ್ರೂ ಜಾಕ್, ಹತ್ತು ಟನ್ನಿನ ಎರಡು ಸ್ಟ್ಯಾಂಡ್, ಸ್ಲೀಪರ್ ತುಂಡುಗಳು, ಆ ತಗಡು. ಗಾಳಿ ಜಾಕ್ ಶೆಡ್ಡಿನಲ್ಲಿ. ಸ್ಟ್ಯಾಂಡ್ ಎರಡೂ ಸೇರಿ ಭಾರ ಜಾಸ್ತಿ, ಡ್ರೈವರ್ ಗೊಣಗುತ್ತಾನೆ, "ಇವನ್ಯಾಕ ಹೊತ್ತು ತಿರಗೂದ್ರಿ?" ಅಂತ. ಕೊಲ್ಹಾರದಲ್ಲಿ ಕೂಗಿದವನೂ ಅವನೇ, ಆದರೂ ಗೊಣಗುತ್ತಾನೆ. ಕಳೆದ ತಿಂಗಳು ಮುಧೋಳ ಕಡೆಯಿಂದ ಬರುವಾಗ ಎಡಗಡೆ ನಡು ಆಕ್ಸಲ್ಲಿನ ಜೋಡಿ ಟಯರ್ ಎರಡೂ ಕೂತವು. ನಾನು ಜೊತೆಗಿರಲಿಲ್ಲ. ಫೋನ್ ಮಾಡಿ ಕೇಳಿದೆ, ಪಕ್ಕದ ಆಕ್ಸಲ್ ದಿಮ್ಮಿ ಹತ್ತಿಸಿ, ತಗಡು ಹಾಕಿ, ಎರಡೂ ಸ್ಟ್ಯಾಂಡ್ ಇಟ್ಟೇ ಬಿಚ್ಚಿದ್ದ. ನೂರು ಕಿ.ಮೀ. ಆದ ಮೇಲೆ ನಟ್ ಮತ್ತೆ ಬಿಗಿ ಮಾಡು ಅಂದೆ. "ಆಗಲೇ ಮಾಡೀನ್ರಿ, ಚಾ ಕುಡ್ಯಾಕ ನಿಂತಾಗ," ಅಂದ.