ಕಣ್ಣಿಗೆ ಕಟ್ಟಿದ ಹಾಗೆ: ಒಂದೇ ವಾಕ್ಯ, ಮೂರು ಓದು

ಹೀಬ್ರೂ ಅಕ್ಷರ ಕೂಡಿಸಿ ಓದುವಷ್ಟು ಕಲಿತ ಮೇಲೆ ನನ್ನಷ್ಟಕ್ಕೆ ಒಂದು ಪರೀಕ್ಷೆ ಮಾಡಿದೆ. ಬೈಬಲಿನ ವಿಮೋಚನಕಾಂಡ 13:9 ಅನ್ನು ಮೂರು ದಾರಿಯಲ್ಲಿ ಓದಿ ನೋಡಿದೆ. ಈಜಿಪ್ಟಿನಿಂದ ಬಿಡುಗಡೆಯಾದದ್ದು ನಿನ್ನ ಕೈ ಮೇಲೆ ಗುರುತಾಗಿ, ಕಣ್ಣುಗಳ ನಡುವೆ ನೆನಪಾಗಿ ಇರಲಿ ಎನ್ನುವ ವಾಕ್ಯ ಅದು.

ಮೊದಲು ಪದಕ್ಕೆ ಪದ. ಯೆಹೂದ್ಯರ ರೂಢಿ ಇದೇ. ಇಂಥ ನಾಲ್ಕು ಭಾಗಗಳನ್ನು ಚರ್ಮದ ಹಾಳೆಯಲ್ಲಿ ಬರೆದು, ಪುಟ್ಟ ಕಪ್ಪು ಪೆಟ್ಟಿಗೆಗಳಲ್ಲಿಟ್ಟು, ತೋಳಿಗೂ ತಲೆಗೂ ಕಟ್ಟಿಕೊಳ್ಳುತ್ತಾರೆ. ಹೆಸರು ತೆಫಿಲ್ಲಿನ್. ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲೂ ಸಿಕ್ಕಿವೆ, ಅಂದರೆ ಸುಮಾರು 2000 ವರ್ಷ ಹಳೆಯವು. ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ತಮಾಷೆ ಅಂದರೆ, ತಲೆಯದನ್ನು ಇಡುವುದು ಕಣ್ಣುಗಳ ನಡುವೆ ಅಲ್ಲ, ಕೂದಲು ಶುರುವಾಗುವ ಜಾಗದ ಮೇಲೆ!

ಎರಡನೆಯದು ಪೆಶಾತ್, ಅಂದರೆ ನೇರ ಅರ್ಥ. ನೇರ ಅರ್ಥವೂ ಪದಕ್ಕೆ ಪದವೂ ಒಂದೇ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವನು 12ನೇ ಶತಮಾನದ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರ ರಶ್ಬಾಮ್. ಕೈ ಮೇಲೆ ಬರೆದಿಟ್ಟ ಹಾಗೆ ಸದಾ ನೆನಪಿರಲಿ, ಅಷ್ಟೇ ಎನ್ನುತ್ತಾನೆ. ಬೈಬಲಿನದೇ ಪರಮಗೀತದಲ್ಲಿ 'ನನ್ನನ್ನು ಎದೆಯ ಮೇಲೆ ಮುದ್ರೆಯಂತೆ ಇಟ್ಟುಕೋ' ಎಂದಿಲ್ಲವೇ, ಹಾಗೆ. ನಾವು 'ಕಣ್ಣಿಗೆ ಕಟ್ಟಿದ ಹಾಗಿದೆ' ಅನ್ನುತ್ತೇವೆ. ಯಾರಾದರೂ ಹಗ್ಗ ಹುಡುಕುತ್ತಾರಾ? ಹಾಗಂತ ಅವನು ರೂಢಿ ಬಿಡಿ ಎನ್ನಲಿಲ್ಲ. ಆಚರಣೆಯ ನಿಯಮವೇ ಮುಖ್ಯ ಎಂದು ಬೇರೆ ಕಡೆ ಬರೆದಿದ್ದಾನೆ. ಅದೇ ಕಾಲದ ಇನ್ನೊಬ್ಬ ವ್ಯಾಖ್ಯಾನಕಾರ ಇಬ್ನ್ ಎಜ್ರಾಗೆ ಮಾತ್ರ ಇಂಥ ಓದು ಹಿಡಿಸಲಿಲ್ಲ. ಇಂಥದೇ ಉಪಮೆಗಳಿರುವ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ ತಾನು ಗಾದೆಗಳ ಪುಸ್ತಕ ಎಂದು ಮೊದಲೇ ಹೇಳಿಕೊಂಡಿದೆ, ವಿಮೋಚನಕಾಂಡವೂ ಸೇರಿದ ಧರ್ಮಗ್ರಂಥ ತೋರಾ ಗಾದೆಯಲ್ಲ ಎಂಬುದು ಅವನ ವಾದ. ವಾದ ಗಟ್ಟಿಯೇ. ಆದರೂ ನನ್ನ ಓಟು ರಶ್ಬಾಮ್‌ಗೆ. ಅವನ ತಾತ, ದೊಡ್ಡ ವ್ಯಾಖ್ಯಾನಕಾರ ರಶಿ, ಸಮಯವಿದ್ದಿದ್ದರೆ ದಿನಾ ಹೊಸದಾಗಿ ಹೊಳೆಯುವ ನೇರ ಅರ್ಥಗಳಿಗೆ ತಕ್ಕಂತೆ ಮತ್ತೆ ಬರೆಯುತ್ತಿದ್ದೆ ಎಂದು ಮೊಮ್ಮಗನ ಎದುರು ಒಪ್ಪಿಕೊಂಡಿದ್ದನಂತೆ. ಎಂಥ ತಾತ, ಅಲ್ವಾ!

ಮೂರನೆಯದು ಸೋದ್, ಗುಟ್ಟಿನ ಓದು. ಇದಕ್ಕೆ ಆ ವಾಕ್ಯ ಬಿಟ್ಟು ಅಕ್ಷರಗಳ ಲೆಕ್ಕಕ್ಕೆ ಇಳಿದೆ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿ. 'ಎಹಾದ್' (ಒಂದು) ಕೂಡಿಸಿದರೆ 13, 'ಅಹವಾ' (ಪ್ರೀತಿ) ಕೂಡಿಸಿದರೂ 13. ಎರಡೂ ಸೇರಿದರೆ 26, ದೇವರ ನಾಲ್ಕಕ್ಷರದ ಹೆಸರಿನ ಮೊತ್ತ! ಮೈ ಜುಮ್ಮೆಂದಿತು. ಅದೇ ಗುಂಗಿನಲ್ಲಿ ನಿಘಂಟು ತಿರುವುತ್ತಾ ಕೂತೆ. 'ದೆಆಗಾ' ಸಿಕ್ಕಿತು: 4, 1, 3, 5. ಅದೂ 13. ಅರ್ಥ ನೋಡಿದರೆ ಚಿಂತೆ.

13ನೇ ಶತಮಾನದ ವ್ಯಾಖ್ಯಾನಕಾರ ರಂಬಾನ್ ತಾನು ಕೊಟ್ಟ ಗುಟ್ಟಿನ ಸುಳಿವುಗಳನ್ನು ಬಲ್ಲ ಗುರುವಿನ ಬಾಯಿಂದ ಕೇಳದೆ ಊಹಿಸಬೇಡಿ ಎಂದು ತನ್ನ ತೋರಾ ವ್ಯಾಖ್ಯಾನದ ಮುನ್ನುಡಿಯಲ್ಲೇ ಎಚ್ಚರಿಸಿದ್ದಾನೆ. ನಾನು ಮುನ್ನುಡಿ ಓದಿದ್ದು ಕೊನೆಗೆ.